ರಾಜನನ್ನೇ ಕೇಳುವವರು ಯಾರು?

ಮಡಿಕೇರಿ ಕೋಟೆಯೊಳಗೆ ಗಾರೆಯ ಎರಡು ಆನೆಗಳಿವೆ. ಪ್ರವಾಸಿಗರು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅಲ್ಲೇ ಇರುವ ಅರಮನೆಯಲ್ಲಿ ಕೊಡಗನ್ನು ಆಳಿದ ಹಾಲೇರಿ ರಾಜರು ಇದ್ದರು. ಆ ಕಾಲದಲ್ಲಿ ಜಗಳ ಬಂದರೆ ಊರ ತಕ್ಕರ, ಅಂದರೆ ಹಿರಿಯ ಮುಖಂಡರ, ಮುಂದೆ ಹೋಗಬೇಕು. ಅಲ್ಲಿ ಬಗೆಹರಿಯದಿದ್ದರೆ ನಾಡ ತಕ್ಕರು. ಎಲ್ಲದಕ್ಕೂ ಮೇಲೆ ರಾಜ. ಆರೋಪ ರಾಜನ ಮೇಲೇ ಬಂದರೆ?

ಬಂದಿತ್ತು. 1820ರಲ್ಲಿ ಪಟ್ಟಕ್ಕೆ ಬಂದ ಚಿಕ್ಕವೀರರಾಜೇಂದ್ರನ ಮೇಲೆ ಸ್ವಂತ ಬಂಧುಗಳನ್ನೇ ಕೊಲ್ಲಿಸಿದ ಆರೋಪವಿತ್ತು. ಸಹೋದರಿ ದೇವಮ್ಮಾಜಿ ಮತ್ತು ಆಕೆಯ ಗಂಡ ಚನ್ನಬಸವ ಜೀವ ಉಳಿದರೆ ಸಾಕೆಂದು 1832ರಲ್ಲಿ ಮೈಸೂರಿಗೆ ಓಡಿ, ಅಲ್ಲಿದ್ದ ಬ್ರಿಟಿಷರ ಪ್ರತಿನಿಧಿ ರೆಸಿಡೆಂಟರ ಆಶ್ರಯ ಪಡೆದರು. ದೂರು ಕೊಡಲು ಅವರಿಗೆ ಕೊಡಗಿನಲ್ಲಿ ಜಾಗವೇ ಇರಲಿಲ್ಲ.

1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಬಂತು. ರಾಜನನ್ನು ಇಳಿಸಿ ವೆಲ್ಲೂರಿಗೆ, ಆಮೇಲೆ ಕಾಶಿಗೆ ಕಳಿಸಿದರು. ಕೊಲೆ ಮಾಡಿಸಿದ್ದು ನಿಜವೇ ಎಂದು ಯಾವ ಕೋರ್ಟೂ ಸಾಕ್ಷಿ ಕೇಳಲಿಲ್ಲ. ಸತ್ತವರ ಕಡೆಯವರಿಗೆ ಇದು ನ್ಯಾಯ ಅಲ್ಲ ಅಲ್ವಾ? ರಾಜ್ಯ ಮಾತ್ರ ಕಂಪನಿಗೆ ಸೇರಿತು.

ಮುಂದಿನದ್ದು ಇನ್ನೂ ವಿಚಿತ್ರ. 1852ರಲ್ಲಿ ಮಗಳನ್ನು ಕರೆದುಕೊಂಡು ಲಂಡನ್ನಿಗೆ ಹೋದ ರಾಜ, ಕಂಪನಿ ವಶಪಡಿಸಿಕೊಂಡ ತನ್ನ ಸಾಲಪತ್ರಗಳ (ಕಂಪನಿಗೆ ಸಾಲ ಕೊಟ್ಟದ್ದಕ್ಕೆ ಸಿಕ್ಕ ಪತ್ರಗಳ) ಹಣ ಕೊಡಿ ಎಂದು ಕಂಪನಿಯ ಮೇಲೇ ಕೇಸು ಹಾಕಿದ. 1859ರಲ್ಲಿ ಅಲ್ಲೇ ತೀರಿಕೊಂಡ. 1860ರಲ್ಲಿ ತೀರ್ಪು ಬಂತು: ಯುದ್ಧದಲ್ಲಿ ಒಂದು ರಾಜ್ಯ ಇನ್ನೊಂದರಿಂದ ಕಿತ್ತುಕೊಂಡದ್ದನ್ನು ಈ ಕೋರ್ಟು ವಿಚಾರಿಸುವ ಹಾಗಿಲ್ಲ. ಅಂದರೆ ಕೊಡಗಿನಲ್ಲಿ ರಾಜನನ್ನು ಕೇಳುವವರಿರಲಿಲ್ಲ, ಲಂಡನ್ನಿನಲ್ಲಿ ಕಂಪನಿಯನ್ನು ಕೇಳುವವರಿರಲಿಲ್ಲ.

ಈ ಪ್ರಶ್ನೆಯನ್ನು ಇವತ್ತು ಒಂದೊಂದು ದೇಶ ಒಂದೊಂದು ಥರ ನೋಡುತ್ತದೆ. ನಮ್ಮ ಸಂವಿಧಾನದ 361ನೇ ವಿಧಿಯಂತೆ ರಾಷ್ಟ್ರಪತಿ, ರಾಜ್ಯಪಾಲರ ಮೇಲೆ ಅಧಿಕಾರದಲ್ಲಿ ಇರುವಷ್ಟು ದಿನ ಕ್ರಿಮಿನಲ್ ಕೇಸು ನಡೆಯುವುದಿಲ್ಲ. ಮುಖ್ಯಮಂತ್ರಿಗೆ ಆ ರಕ್ಷಣೆ ಇಲ್ಲ. ಫ್ರಾನ್ಸಿನಲ್ಲೂ ಅಧ್ಯಕ್ಷರು ಇಳಿಯುವವರೆಗೆ ಕಾಯಬೇಕು. ಪ್ಯಾರಿಸ್ ಮೇಯರ್ ಆಗಿದ್ದಾಗಿನ ಹಳೇ ಅಕ್ರಮಕ್ಕೆ ಜಾಕ್ ಶಿರಾಕ್ ಅವರಿಗೆ ಶಿಕ್ಷೆಯಾದದ್ದು 2011ರಲ್ಲಿ. ಅಮೆರಿಕದ ಸುಪ್ರೀಂ ಕೋರ್ಟು 2024ರಲ್ಲಿ ಇನ್ನೂ ಮುಂದೆ ಹೋಗಿ, ಅಧ್ಯಕ್ಷರ ಮುಖ್ಯ ಅಧಿಕಾರದ ಕೆಲಸಗಳಿಗೆ ಪೂರ್ತಿ ರಕ್ಷಣೆ ಕೊಟ್ಟಿತು, ಅಧಿಕಾರ ಬಿಟ್ಟ ಮೇಲೂ. ಇದು ನನಗೆ ಭಯ ಹುಟ್ಟಿಸುತ್ತದೆ. ದಕ್ಷಿಣ ಕೊರಿಯಾ ಮಾತ್ರ ಪಾರ್ಕ್ ಗ್ಯುನ್ ಹೈ ಅವರನ್ನು 2017ರಲ್ಲಿ ಅಧ್ಯಕ್ಷ ಸ್ಥಾನದಿಂದ ಇಳಿಸಿ, ಮರುವರ್ಷವೇ ಶಿಕ್ಷೆ ಕೊಟ್ಟಿತು. 2021ರ ಕೊನೆಗೆ ಕ್ಷಮಾದಾನವೂ ಸಿಕ್ಕಿತು.

ರಕ್ಷಣೆ ಬರೀ ಕಾನೂನಿನಿಂದ ಬರುವುದಿಲ್ಲ, ತಡದಿಂದಲೂ ಬರುತ್ತದೆ. ಜಯಲಲಿತಾ ಅವರ ಆಸ್ತಿ ಕೇಸು ಶುರುವಾದದ್ದು 1996ರಲ್ಲಿ. ತಮಿಳುನಾಡಿನಲ್ಲಿ ವಿಚಾರಣೆ ಸರಿಯಾಗಿ ನಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟು ಅದನ್ನು 2003ರಲ್ಲಿ ಬೆಂಗಳೂರಿಗೆ ಕಳಿಸಿತು. 2014ರಲ್ಲಿ ಮುಖ್ಯಮಂತ್ರಿ ಆಗಿದ್ದಾಗಲೇ ಶಿಕ್ಷೆಯಾಗಿ ಪರಪ್ಪನ ಅಗ್ರಹಾರ ಸೇರಿದರು. ಮರುವರ್ಷ ಹೈಕೋರ್ಟು ಬಿಡುಗಡೆ ಮಾಡಿತು. 2017ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಆ ಬಿಡುಗಡೆಯನ್ನು ರದ್ದು ಮಾಡಿದಾಗ ಜೈಲಿಗೆ ಹೋದವರು ಉಳಿದ ಆರೋಪಿಗಳು. ಮೊದಲ ಆರೋಪಿ ತೀರಿಕೊಂಡು ಎರಡು ತಿಂಗಳಾಗಿತ್ತು.