ಆಂಪ್ಲಿಫೈಯರ್ ಗುಂಯ್‌ಗುಟ್ಟುತ್ತದೆ, ಅರ್ಥ್ ಪಿನ್ ಕತ್ತರಿಸಬಹುದೇ?

ಪ್ರಶ್ನೆ: ಟಿವಿ, ಕೇಬಲ್‌ನ ಸೆಟ್‌ಟಾಪ್ ಬಾಕ್ಸ್, ಆಂಪ್ಲಿಫೈಯರ್ ಮೂರನ್ನೂ ಜೋಡಿಸಿದಾಗಿನಿಂದ ಸ್ಪೀಕರ್‌ನಲ್ಲಿ ಸದಾ ಗುಂಯ್ ಎನ್ನುವ ಸದ್ದು. ಹಾಡು ನಿಂತರೂ ಅದು ನಿಲ್ಲದು. ವೈರಿಂಗ್ ಕೆಲಸದವರು ಬಂದು ಆಂಪ್ಲಿಫೈಯರ್ ಪ್ಲಗ್‌ಗೆ ಎರಡು ಪಿನ್ನಿನ ಅಡಾಪ್ಟರ್ ಹಾಕಿ ತೋರಿಸಿದರು. ಸದ್ದು ಪೂರ್ತಿ ಮಾಯ! ‘ಅರ್ಥ್ ಪಿನ್ ಕತ್ತರಿಸಿಬಿಡಿ, ಏನೂ ಆಗಲ್ಲ’ ಎಂದರು. ಹಾಗೆ ಮಾಡಬಹುದೇ?
– ಓದುಗರು, ನಿಟುವಳ್ಳಿ, ದಾವಣಗೆರೆ

ಉತ್ತರ: ಕತ್ತರಿಸಬೇಡಿ. ಆ ಅಡಾಪ್ಟರನ್ನೂ ಇವತ್ತೇ ತೆಗೆಯಿರಿ. ಆಂಪ್ಲಿಫೈಯರ್ ಒಳಗೆ ಎಲ್ಲಾದರೂ ಫೇಸ್ ತಂತಿ ಲೋಹದ ಪೆಟ್ಟಿಗೆಗೆ ತಾಗಿದರೆ, ಆ ಕರೆಂಟ್ ಅರ್ಥ್ ತಂತಿಯಲ್ಲಿ ಹರಿದು ಎಂಸಿಬಿಯನ್ನೋ (ಕರೆಂಟ್ ಮಿತಿಮೀರಿದರೆ ಬೀಳುವ ಸ್ವಿಚ್) ಆರ್‌ಸಿಸಿಬಿಯನ್ನೋ (ಕರೆಂಟ್ ಸೋರಿದರೆ ಬೀಳುವ ಸ್ವಿಚ್) ಬೀಳಿಸಬೇಕು. ಪಿನ್ ಇಲ್ಲದಿದ್ದರೆ 230 ವೋಲ್ಟ್ ಪೆಟ್ಟಿಗೆಯ ಮೇಲೇ ಕಾದು ಕೂರುತ್ತದೆ. ಆಡಿಯೊ ತಂತಿಯ ಹೊರಜಾಲರಿ ಹಿಡಿದು ಟಿವಿ, ಸೆಟ್‌ಟಾಪ್ ಬಾಕ್ಸ್‌ಗಳಿಗೂ ಹಬ್ಬುತ್ತದೆ. ವಾಲ್ಯೂಮ್ ತಿರುಗಿಸಲು ಕೈ ಹಾಕುವವರು ಮನೆಯ ಮಕ್ಕಳೂ ಆಗಿರಬಹುದು.

ಆದರೆ ಆ ಪ್ರಯೋಗದಿಂದ ಒಂದು ಸುಳಿವು ಸಿಕ್ಕಿತು: ಇದು ಗ್ರೌಂಡ್ ಲೂಪ್. ಎರಡು ಸಾಧನಗಳಿಗೆ ಬೇರೆ ಬೇರೆ ದಾರಿಯಲ್ಲಿ ಅರ್ಥ್ ಸಿಕ್ಕಿ, ಜೊತೆಗೆ ಆಡಿಯೊ ತಂತಿಯೂ ಅವನ್ನು ಬೆಸೆದರೆ ಒಂದು ಸುತ್ತು ಪೂರ್ತಿಯಾಗುತ್ತದೆ. ಎರಡು ಅರ್ಥ್‌ಗಳ ವೋಲ್ಟೇಜ್ ಎಂದೂ ಕರಾರುವಾಕ್ಕಾಗಿ ಒಂದೇ ಇರುವುದಿಲ್ಲ. ಆ ಚಿಕ್ಕ ವ್ಯತ್ಯಾಸಕ್ಕೆ ಆಡಿಯೊ ತಂತಿಯ ಜಾಲರಿಯಲ್ಲಿ 50 ಹರ್ಟ್ಸ್‌ನ ಕರೆಂಟ್ ಹರಿಯುತ್ತದೆ. ಲೆಕ್ಕ ಹಾಕಿ: ಜಾಲರಿಯ ರೋಧ 0.1 ಓಮ್, ಹರಿಯುವ ಕರೆಂಟ್ 10 ಮಿಲಿಆಂಪಿಯರ್ ಎಂದಿಟ್ಟುಕೊಂಡರೆ 1 ಮಿಲಿವೋಲ್ಟ್ ಹುಟ್ಟುತ್ತದೆ. ಮನೆಯ ಸಾಧನಗಳ ಆಡಿಯೊ ಮಟ್ಟ ಸುಮಾರು 0.3 ವೋಲ್ಟ್. ಅಂದರೆ ಸದ್ದು ಹಾಡಿಗಿಂತ 50 ಡೆಸಿಬಲ್ ಮಾತ್ರ ಕೆಳಗೆ. ರಾತ್ರಿ ಬೀದಿ ಸುಮ್ಮನಾದ ಮೇಲೆ ಅದು ಕಿವಿಗೆ ಬಡಿಯದೆ ಇರದು.

ಈಗ ನಿಜವಾದ ಪ್ರಶ್ನೆ. ನಿಮ್ಮ ಸೆಟ್‌ಟಾಪ್ ಬಾಕ್ಸ್ ಅಡಾಪ್ಟರ್‌ಗೆ ಬಹುಶಃ ಎರಡೇ ಪಿನ್. ಟಿವಿಗೂ ಹಾಗೇ ಇರಬಹುದು. ಹಾಗಿದ್ದರೆ ಎರಡನೆಯ ಅರ್ಥ್ ಬಂದದ್ದು ಎಲ್ಲಿಂದ? ನನ್ನ ಅನುಮಾನ ಹೊರಗಿನಿಂದ ಬರುವ ಕೇಬಲ್ ಮೇಲೆ. ಆ ಕೋಆಕ್ಸಿಯಲ್ ತಂತಿಯ ಜಾಲರಿ ಬೀದಿಯುದ್ದಕ್ಕೂ ಓಡುತ್ತದೆ, ಕಂಬದ ಬೂಸ್ಟರ್‌ಗಳನ್ನು ಮುಟ್ಟುತ್ತದೆ. ಆ ಬೂಸ್ಟರ್‌ಗೆ ಹಲವೆಡೆ ಹತ್ತಿರದ ಯಾವುದೋ ಮನೆಯಿಂದಲೇ ಕರೆಂಟ್ ಎಳೆದಿರುತ್ತಾರೆ. ಹೀಗೆ ಯಾರದೋ ಮನೆಯ ಅರ್ಥ್ ನಿಮ್ಮ ಸ್ಪೀಕರ್‌ವರೆಗೆ ಬಂದು ನಿಂತಿರುತ್ತದೆ. ಕೇಬಲ್ ಫೈಬರ್‌ನಲ್ಲಿ ಬರುತ್ತಿದ್ದರೆ ಈ ತಂಟೆ ಇಲ್ಲ, ಗಾಜು ಕರೆಂಟ್ ಒಯ್ಯುವುದಿಲ್ಲ.

ಪರೀಕ್ಷೆ ಸುಲಭ. ವಾಲ್ಯೂಮ್ ತಗ್ಗಿಸಿ, ಎಲ್ಲ ಸ್ವಿಚ್ ಆರಿಸಿ, ಆಂಪ್ಲಿಫೈಯರ್‌ಗೆ ಬರುವ ಆಡಿಯೊ ತಂತಿಗಳನ್ನೆಲ್ಲ ಬಿಚ್ಚಿ. ಅರ್ಥ್ ಪಿನ್ ಇರಲಿ. ಮತ್ತೆ ಆನ್ ಮಾಡಿದಾಗ ಖಾಲಿ ಆಂಪ್ಲಿಫೈಯರ್ ಕೂಡ ಗುಂಯ್‌ಗುಟ್ಟಿದರೆ ಲೂಪ್ ಹುಡುಕುವುದು ವ್ಯರ್ಥ. ಅದರೊಳಗಿನ ಫಿಲ್ಟರ್ ಕೆಪಾಸಿಟರ್ ಒಣಗಿರಬಹುದು. ಆ ಸದ್ದು ಹೆಚ್ಚಾಗಿ 100 ಹರ್ಟ್ಸ್‌ನದು, ತುಸು ಗರಗರ. ರಿಪೇರಿಯವರ ಕೆಲಸ ಅದು. ಖಾಲಿ ಆಂಪ್ಲಿಫೈಯರ್ ಸುಮ್ಮನಿದ್ದರೆ ಒಂದೊಂದೇ ತಂತಿ ಮರಳಿ ಸೇರಿಸಿ, ಪ್ರತಿಸಲವೂ ಸ್ವಿಚ್ ಆರಿಸಿಕೊಂಡೇ. ಸದ್ದು ಹುಟ್ಟಿದ ತಂತಿಯ ಇನ್ನೊಂದು ತುದಿಯಲ್ಲಿ ಕಳ್ಳ ಇದ್ದಾನೆ. ಅದು ಟಿವಿಯೋ ಬಾಕ್ಸೋ ಆಗಿದ್ದರೆ ಗೋಡೆಯಿಂದ ಬರುವ ಕೇಬಲನ್ನು ಬಾಕ್ಸ್ ಹಿಂದಿನಿಂದ ತಿರುಚಿ ತೆಗೆಯಿರಿ. ಅದನ್ನು ಮುಟ್ಟಿದಾಗ ಚುರುಕ್ ಎಂದರೆ ಅಲ್ಲಿಗೇ ಬಿಟ್ಟು ಕೇಬಲ್‌ನವರನ್ನು ಕರೆಯಿರಿ. ತೆಗೆದ ಕೂಡಲೇ ಮೌನ ಬಂತೋ, ಉತ್ತರ ಸಿಕ್ಕಂತೆ. ಲ್ಯಾಪ್‌ಟಾಪ್ ಜೋಡಿಸುವವರು ಇದನ್ನೇ ಚಾರ್ಜರ್ ಕಿತ್ತು ನೋಡಬಹುದು.

ಪರಿಹಾರ ಏನೆಂದರೆ, ಸುತ್ತನ್ನು ಅರ್ಥ್ ಪಿನ್ನಿನಲ್ಲಿ ಅಲ್ಲ, ಸಿಗ್ನಲ್ ಹಾದಿಯಲ್ಲಿ ತುಂಡರಿಸುವುದು. ಕೇಬಲ್ ಕಾರಣವಾದರೆ ಗೋಡೆಯ ತಂತಿಗೂ ಬಾಕ್ಸ್‌ಗೂ ನಡುವೆ ಗ್ಯಾಲ್ವನಿಕ್ ಐಸೊಲೇಟರ್ ಎಂಬ ಹೆಬ್ಬೆರಳಿನಷ್ಟು ಸಾಧನ ಹಾಕಿದರೆ ಸಾಕು. ಡಿಶ್ ಛತ್ರಿ ಇಟ್ಟವರು ಮಾತ್ರ ಇದನ್ನು ಹಾಕಬೇಡಿ: ಛತ್ರಿಯ ಮುಂದಿದ್ದು ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಗೆ ಅದೇ ತಂತಿಯಲ್ಲಿ 13 ಅಥವಾ 18 ವೋಲ್ಟ್ ಡಿಸಿ ಹೋಗಬೇಕು, ಐಸೊಲೇಟರ್ ಅದನ್ನು ತಡೆದು ಚಿತ್ರವೇ ಬರದಂತೆ ಮಾಡುತ್ತದೆ.

ನನ್ನನ್ನು ಕೇಳಿದರೆ, ಟಿವಿಯಲ್ಲಿ ಆಪ್ಟಿಕಲ್ ಔಟ್ ಇದ್ದವರಿಗೆ ಬೇರೆ ಯೋಚನೆಯೇ ಬೇಡ. ಆ ತಂತಿಯಲ್ಲಿ ಹೋಗುವುದು ಬೆಳಕು; ಲೋಹದ ನಂಟೇ ಇಲ್ಲ. ಹಳೆಯ ಆಂಪ್ಲಿಫೈಯರ್‌ಗೆ ಆಪ್ಟಿಕಲ್ ಇನ್‌ಪುಟ್ ಇಲ್ಲದಿದ್ದರೆ ನಡುವೆ ಒಂದು ಪುಟ್ಟ ಡಿಎಸಿ (ಡಿಜಿಟಲ್ ಸಿಗ್ನಲನ್ನು ಮಾಮೂಲಿ ಆಡಿಯೊ ಆಗಿಸುವ ಸಾಧನ) ಇಟ್ಟು, ಎರಡು ಪಿನ್ನಿನ ಫೋನ್ ಚಾರ್ಜರ್‌ನಿಂದ ಕರೆಂಟ್ ಕೊಡಿ. ಎಚ್‌ಡಿಎಂಐಗೆ ಬದಲಾಯಿಸಿದರೆ ಹೋಗುತ್ತದೆ ಎನ್ನುವವರೂ ಇದ್ದಾರೆ. ಅದರಲ್ಲೂ ತಾಮ್ರದ ಗ್ರೌಂಡ್ ಇದೆ, ಲೂಪ್ ಹಾಗೇ ಉಳಿಯುತ್ತದೆ. ಆಡಿಯೊ ತಂತಿಯಲ್ಲಿ ಹಾಕುವ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಕೂಡ ಕೆಲಸ ಮಾಡುತ್ತದೆ, ಆದರೆ ಅಗ್ಗದವು ಬೇಸ್ ತಿಂದುಹಾಕುತ್ತವೆ. ತಬಲಾ, ಡೊಳ್ಳು ಕೇಳುವವರು ನೋಡಿಕೊಂಡು ಕೊಳ್ಳಿ. ಇವೆಲ್ಲಕ್ಕೂ ಮೊದಲು ಖರ್ಚಿಲ್ಲದ ಕೆಲಸವೊಂದಿದೆ: ಎಲ್ಲ ಪ್ಲಗ್‌ಗಳನ್ನೂ ಒಂದೇ ಬೋರ್ಡಿಗೆ ಹಾಕಿ. ಬೇರೆ ಬೇರೆ ಗೋಡೆಯ ಸಾಕೆಟ್‌ಗಳ ನಡುವಿನ ವ್ಯತ್ಯಾಸ ಅಲ್ಲೇ ಕಳೆಯುತ್ತದೆ.

ಬೇಸಿಗೆಯಲ್ಲಿ ನಮ್ಮ ಕಡೆ ಎರೆಮಣ್ಣು ಬಿರುಕು ಬಿಟ್ಟಾಗ ‘ಅರ್ಥ್ ಗುಂಡಿಗೆ ನೀರು ಹಾಕಿ, ಸದ್ದು ಹೋಗುತ್ತದೆ’ ಎಂಬ ಸಲಹೆಯೂ ಬರುತ್ತದೆ. ನೀರು ಹಾಕಿ, ಒಳ್ಳೆಯದೇ. ಚಿತ್ರದುರ್ಗದ ಬಂಡೆ ನೆಲದಲ್ಲಂತೂ ಒಳ್ಳೆಯ ಅರ್ಥ್ ಸಿಗುವುದೇ ಕಷ್ಟ. ಆದರೆ ಅದು ಜೀವ ಕಾಯುವ ವಿಚಾರ. ಲೂಪ್ ಇರುವುದು ಸಾಧನಗಳ ನಡುವೆ, ಗುಂಡಿಗೆ ಎಷ್ಟು ಕೊಡ ಸುರಿದರೂ ಅದು ಕದಲುವುದಿಲ್ಲ. ಆಂಪ್ಲಿಫೈಯರ್‌ಗೆಂದೇ ಪ್ರತ್ಯೇಕ ಸಲಾಕೆ ನೆಡಿಸುವುದು ಇನ್ನೂ ಕೆಟ್ಟದ್ದು: ಲೂಪ್ ದೊಡ್ಡದಾಗುತ್ತದೆ, ಸಿಡಿಲು ಬಡಿದಾಗ ಎರಡು ಅರ್ಥ್‌ಗಳ ನಡುವಿನ ವೋಲ್ಟೇಜ್ ಭಯಂಕರವಾಗಿ ಏರುತ್ತದೆ.

ಎಲ್ಲ ಗುಂಯ್ ಕೂಡ ಲೂಪ್ ಅಲ್ಲ. ಕರೆಂಟ್ ಹೋದಾಗ ಮಾತ್ರ ಸದ್ದು ಬಂದರೆ ಸ್ಕ್ವೇರ್ ವೇವ್ ಇನ್ವರ್ಟರ್ ಕಾರಣವಿರಬಹುದು. ಫ್ಯಾನಿನ ವೇಗ ಬದಲಿಸಿದಾಗ ಸದ್ದೂ ಬದಲಾದರೆ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಕಡೆ ನೋಡಿ. ಪೆಟ್ಟಿಗೆ ಮುಟ್ಟಿದಾಗ ನಿಂತು, ಕೈ ತೆಗೆದಾಗ ಮರಳಿದರೆ ತೊಂದರೆ ಅರ್ಥ್ ಹೆಚ್ಚಾದದ್ದಲ್ಲ, ಬಹುಶಃ ಅರ್ಥ್ ಇಲ್ಲವೇ ಇಲ್ಲ.

ನಾನು ಹೆದರುವುದು ಇನ್ನೊಂದಕ್ಕೆ. ಬಚ್ಚಲುಮನೆಯ ಗೀಸರ್ ಹಾಕಿದಾಗ ಸದ್ದು ಏರಿದರೆ, ಎಲ್ಲೋ ಸಾಕೆಟ್ ಒಳಗೆ ನ್ಯೂಟ್ರಲ್‌ಗೂ ಅರ್ಥ್‌ಗೂ ತುಂಡು ತಂತಿ ಸೇರಿಸಿರಬಹುದು. ಅರ್ಥ್ ತಂತಿ ಎಳೆಯದ ಮನೆಗಳಲ್ಲಿ ಈ ಕಳ್ಳದಾರಿ ನಡೆಯುತ್ತದೆ. ನ್ಯೂಟ್ರಲ್ ತುಂಡಾದ ದಿನ ಎಲ್ಲ ಪೆಟ್ಟಿಗೆಗಳಿಗೂ ಫೇಸ್ ಬರುತ್ತದೆ. ಗೀಸರ್ ಉರಿಯುತ್ತಿರುವಾಗಲೇ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಒಬ್ಬರಿಂದ ಗೀಸರ್‌ನ ಸಾಲಿನ ಸಾಕೆಟ್‌ಗಳಲ್ಲಿ ನ್ಯೂಟ್ರಲ್–ಅರ್ಥ್ ವೋಲ್ಟೇಜ್ ಅಳೆಸಿ. ಒಂದೆರಡು ವೋಲ್ಟ್ ತೋರಿಸುವುದು ಸಹಜ. ಅಷ್ಟು ಲೋಡ್ ಇದ್ದೂ ಸೊನ್ನೆ ತೋರಿಸಿದ ಸಾಕೆಟ್ ಅನ್ನು ಅವರ ಕೈಯಲ್ಲೇ ಬಿಚ್ಚಿಸಿ ನೋಡಿ.