ಫಲಾವಳಿಗೆ ಕಟ್ಟಿದ ಕಾಸರಕ

ಚೌತಿಗೆ ಮೂರು ದಿನ ಇದೆ ಅನ್ನುವಾಗ ನಾವು ಕಾರವಾರದಿಂದ ಹೊರಡುತ್ತೇವೆ. ಅಂಕೋಲಾ, ಕುಮಟಾ, ಕತಗಾಲ, ದೇವಿಮನೆ ಘಟ್ಟ. ಆಮೇಲೆ ರಾಗಿಹೊಸಳ್ಳಿಯಿಂದ ಒಳಗೆ ಹೋಗುವ ಮಣ್ಣುರಸ್ತೆ. ಅಲ್ಲಿ ನನ್ನ ಅತ್ತೆಯ ಮನೆ. ಹೋಗುವ ನೆಪ ಹಬ್ಬ, ಮಾಡುವ ಕೆಲಸ ಫಲಾವಳಿಗೆ ಸಾಮಾನು ಕೂಡಿಸುವುದು.

ಗೊತ್ತಿಲ್ಲದವರಿಗೆ ಒಂದು ಮಾತು. ಗಣಪತಿ ಕೂರಿಸುವ ಜಾಗದ ಮೇಲೆ ಅಡಿಕೆ ದಬ್ಬೆಯ ಚೌಕಟ್ಟು ಕಟ್ಟಿ, ಅದಕ್ಕೆ ಕಾಯಿ, ಹಣ್ಣು, ಹೂ, ಬಳ್ಳಿ ಎಲ್ಲ ತೂಗುಬಿಡುತ್ತೇವೆ. ಅದು ಫಲಾವಳಿ. ಕೊಂಕಣಿಯವರು ಮಾಟೋಳಿ ಅಂತಾರೆ. ತೆಂಗು, ಅಡಿಕೆ, ಸೌತೆಕಾಯಿ ಇದ್ದೇ ಇರುತ್ತವೆ. ಆದರೆ ಅದರ ಗಮ್ಮತ್ತು ಇರುವುದು ಕಾಡಿನಿಂದ ಬಂದ ಸಾಮಾನಿನಲ್ಲಿ. ಮದ್ದಿನ ಗಿಡ, ವಿಷದ ಗಿಡ ಎರಡೂ ಒಂದೇ ದಬ್ಬೆಗೆ ನೇತಾಡುತ್ತವೆ. ಅಲ್ಲಿ ಯಾವುದು ಯಾವುದು ಅಂತ ಹೇಳಲು ಬಂದರೆ ಅರ್ಧ ಸಸ್ಯಶಾಸ್ತ್ರ ಕಲಿತ ಹಾಗೇ.

ಈ ಸಲ ಅತ್ತೆಯೂ ಕಾರಿನಲ್ಲಿದ್ದಳು. ಕಣ್ಣಿನ ಪೊರೆ ತೆಗೆಸಲು ನಮ್ಮಲ್ಲಿಗೆ ಬಂದವಳು, ಕಪ್ಪು ಕನ್ನಡಕ ಹಾಕಿಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದಳು. ಹಿಂದೆ ನನ್ನ ಹೆಂಡತಿ, ಐದನೇ ಕ್ಲಾಸಿನ ಮಗಳು, ಎರಡು ಖಾಲಿ ಬುಟ್ಟಿ. ನಾನು ಕೆಮಿಸ್ಟ್ರಿ ಪಾಠ ಮಾಡುವವನು. ಫೋನಿನಲ್ಲಿ ಗಿಡ ಗುರುತಿಸುವ ಒಂದು ಆ್ಯಪ್ ಬೇರೆ ಹಾಕಿಕೊಂಡಿದ್ದೆ. ಸ್ವಲ್ಪ ಜಂಬವೂ ಇತ್ತು ಅನ್ನಿ.

ಅಂಕೋಲೆಯ ಪೇಟೆಯಲ್ಲಿ ಹಾಲಕ್ಕಿ ಹೆಂಗಸರು ಫಲಾವಳಿಯ ಸಾಮಾನನ್ನು ಸಾಲಾಗಿ ಹರಡಿ ಕೂತಿದ್ದರು. ಪಕ್ಕದ ಹೊನ್ನಳ್ಳಿಯ ತುಳಸಿ ಗೌಡರು ಇದೇ ಸಮುದಾಯದವರು. ಶಾಲೆಗೆ ಹೋದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಸಸಿ ಬೆಳೆಸುತ್ತ, ಕಾಡಿನಲ್ಲಿ ಯಾವುದು ಒಳ್ಳೆಯ ಬೀಜ ಕೊಡುವ ತಾಯಿಮರ ಅಂತ ನೋಡಿಯೇ ಹೇಳುತ್ತಿದ್ದರು. 2021ರಲ್ಲಿ ಬರಿಗಾಲಿನಲ್ಲೇ ಹೋಗಿ ಪದ್ಮಶ್ರೀ ತಗೊಂಡರು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅತ್ತೆ ಒಂದು ಕಟ್ಟು ಕಾಡು ಅರಿಶಿನ ಕೊಂಡಳು. ಉಳಿದದ್ದು ತನ್ನ ಸೊಪ್ಪಿನ ಬೆಟ್ಟದಲ್ಲೇ ಇದೆ ಅಂದಳು.

ಕತಗಾಲ ದಾಟಿದ ಮೇಲೆ ಚಹಾಕ್ಕೆ ಗಾಡಿ ನಿಲ್ಲಿಸಿದೆವು. ಮಗಳು ರಸ್ತೆ ಬದಿಯಿಂದ ಓಡಿ ಬಂದಳು. ಕೈಯಲ್ಲಿ ಹಸಿರು ಬಣ್ಣದ, ನುಣ್ಣಗಿನ, ದುಂಡನೆಯ ಕಾಯಿ. "ಅಪ್ಪಾ, ಕಿತ್ತಳೆ!" ನಾನು ಫೋಟೋ ಹೊಡೆದೆ. ಆ್ಯಪ್ ಕೂಡ ನಿಂಬೆ ಜಾತಿಯದ್ದಿರಬಹುದು ಅಂತು. ಅತ್ತೆ ಕನ್ನಡಕ ಸರಿಸಿ, ಕಾಯಿಯನ್ನಲ್ಲ, ಅದರ ಜೊತೆ ಬಂದಿದ್ದ ಎಲೆಯನ್ನು ಬೆರಳಲ್ಲಿ ಸವರಿದಳು.

"ಕೂಸೇ, ಅದು ಕಿತ್ತಳೆ ಅಲ್ದೇ. ಕಾಸರ್ಕ. ಬಾಯಿಗೆ ಹಾಕಡ."

ಗುರುತು ಎಲೆಯಲ್ಲಿತ್ತು. ಕಿತ್ತಳೆ ಎಲೆಗೆ ನಡುವೆ ಒಂದೇ ದಪ್ಪ ನರ. ಕಾಸರಕದ ಎಲೆಯಲ್ಲಿ ಬುಡದಿಂದಲೇ ಮೂರೋ ಐದೋ ನರ ಎದ್ದು, ಬಾಗಿಕೊಂಡು ತುದಿಯತ್ತ ಓಡುತ್ತವೆ. ಕಿತ್ತಳೆ ಎಲೆಯನ್ನು ಹಿಸುಕಿದರೆ ಪರಿಮಳ ಮೂಗಿಗೆ ಹೊಡೆಯುತ್ತದೆ. ಇದಕ್ಕೆ ಆ ಪರಿಮಳ ಇಲ್ಲ. ಆ್ಯಪ್ ಪಾಪ ಕಾಯಿಯ ಬಣ್ಣ, ಆಕಾರ ಮಾತ್ರ ನೋಡಿತ್ತು. "ನಿನ್ನ ಮೊಬೈಲು ಮೂಸಿ ನೋಡ್ತಾ ಮಾಣಿ?" ಅಂತ ಅತ್ತೆ ಕೇಳಿದಾಗ ಚಹಾ ಅಂಗಡಿಯವನೂ ನಕ್ಕ. ನನಗೀಗ 44 ವರ್ಷ. ಅವಳಿಗೆ ಇನ್ನೂ ಮಾಣಿ.

ಕಾಸರಕದ ಬೀಜದಲ್ಲಿ ಸ್ಟ್ರಿಕ್ನಿನ್ ಇದೆ. ನಮ್ಮ ಬೆನ್ನುಹುರಿಯಲ್ಲಿ ಸ್ನಾಯುಗಳಿಗೆ "ಸಾಕು, ಸಡಿಲಾಗು" ಅಂತ ಹೇಳುವ ಒಂದು ರಾಸಾಯನಿಕ ಇದೆ, ಗ್ಲೈಸಿನ್. ಸ್ಟ್ರಿಕ್ನಿನ್ ಅದರ ಜಾಗದಲ್ಲಿ ಹೋಗಿ ಕೂತು ಆ ಮಾತು ಮುಟ್ಟದ ಹಾಗೆ ಮಾಡುತ್ತದೆ. ಬ್ರೇಕಿಲ್ಲದ ಗಾಡಿಯ ಹಾಗೆ ಸ್ನಾಯುಗಳು ಸೆಟೆದುಕೊಳ್ಳುತ್ತಲೇ ಹೋಗುತ್ತವೆ. ಕೊನೆಗೆ ಉಸಿರಾಡುವ ಸ್ನಾಯುವೂ. ತಮಾಷೆ ಏನೆಂದರೆ ಮಂಗಟ್ಟೆ ಹಕ್ಕಿ ಈ ಹಣ್ಣನ್ನು ಖುಷಿಯಾಗಿ ತಿನ್ನುತ್ತದೆ. ತಿರುಳು ಅದಕ್ಕೆ, ಬೀಜ ಒಡೆಯದೆ ಹೊರಗೆ. ಮರಕ್ಕೆ ಬೇಕಾದದ್ದೂ ಅಷ್ಟೇ ಅಲ್ವಾ? ಹಕ್ಕಿ ಬೀಜ ಒಯ್ಯಬೇಕು, ಯಾರೂ ಅದನ್ನು ಜಗಿಯಬಾರದು.

ಬಿದ್ದಿದ್ದ ಐದು ಕಾಯಿ ಬುಟ್ಟಿಗೆ ಹೋದವು. ತಿನ್ನಲಿಕ್ಕಲ್ಲ, ಕಟ್ಟಲಿಕ್ಕೆ.

ಅದೇ ಬೇಲಿಯಲ್ಲಿ ಗೌರಿಹೂ ಅರಳಿತ್ತು. ಇದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಮೊದಲು ಹಸಿರು, ಆಮೇಲೆ ಹಳದಿ, ಕೊನೆಗೆ ಕೆಂಪು. ದಳಗಳು ಕೆಳಗೆ ಜೋತುಬೀಳುವ ಬದಲು ಹಿಂದಕ್ಕೆ ಮಡಚಿ ಬೆಂಕಿಯ ನಾಲಿಗೆಯ ಹಾಗೆ ಮೇಲಕ್ಕೇಳುತ್ತವೆ. ಅದಕ್ಕೇ ಅಗ್ನಿಶಿಖೆ ಅನ್ನುವ ಹೆಸರು. ಆದರೆ ಹೂವಿಗಿಂತ ನನಗೆ ಇಷ್ಟವಾದದ್ದು ಎಲೆ. ಒಂದು ಎಲೆಯ ತುದಿಯನ್ನು ಮಗಳ ಬೆರಳಿಗೆ ತಾಗಿಸಿದೆ. ತುದಿ ಉದ್ದವಾಗಿ ಎಳೆದು ಗುಂಗುರು ಕೂದಲಿನ ಹಾಗೆ ಸುರುಳಿ ಸುತ್ತಿಕೊಂಡಿತ್ತು. ಬಳ್ಳಿ ಹತ್ತುವುದಕ್ಕೆ ಬೇರೆ ಕೊಕ್ಕೆ ಇಲ್ಲ, ಎಲೆಯ ತುದಿಯೇ ಕೊಕ್ಕೆ.

ಗಡ್ಡೆ ಮಣ್ಣಿನಡಿ ನೇಗಿಲಿನ ಆಕಾರದಲ್ಲಿರುತ್ತದೆ. ಸಂಸ್ಕೃತದಲ್ಲಿ ಲಾಂಗಲಿ ಅಂದದ್ದು ಅದಕ್ಕೇ. ಗೆಣಸು ಅಂತ ತಿಂದವರ ಕಥೆ ಕೇಳಬೇಡಿ. ಮೊದಲು ವಾಂತಿ, ಭೇದಿ. ಬದುಕಿ ಉಳಿದರೆ ವಾರ, ಎರಡು ವಾರದಲ್ಲಿ ತಲೆಗೂದಲು ಉದುರುತ್ತದೆ, ಕ್ಯಾನ್ಸರಿಗೆ ಕೀಮೋ ತಗೊಂಡವರ ಹಾಗೆ. ಕಾರಣವೂ ಹತ್ತಿರ ಹತ್ತಿರ ಅದೇ. ಗೌರಿಹೂವಿನ ಗಡ್ಡೆ, ಬೀಜಗಳಲ್ಲಿರುವ ಕಾಲ್ಚಿಸಿನ್ ಕೋಶ ಒಡೆದು ಎರಡಾಗುವುದನ್ನು ತಡೆಯುತ್ತದೆ. ಕೋಶ ಎರಡಾಗುವಾಗ ಒಳಗೆ ಸಣ್ಣ ಸಣ್ಣ ಪ್ರೋಟೀನ್ ತುಂಡುಗಳು ಜೋಡಿಸಿಕೊಂಡು ಹಗ್ಗದಂಥ ಎಳೆಗಳಾಗುತ್ತವೆ. ಆ ಎಳೆಗಳು ಕ್ರೋಮೋಸೋಮುಗಳನ್ನು ಆಚೆ ಈಚೆ ಎಳೆದು ಪಾಲು ಮಾಡುತ್ತವೆ. ಕಾಲ್ಚಿಸಿನ್ ಆ ತುಂಡುಗಳನ್ನೇ ಹಿಡಿದುಕೊಳ್ಳುತ್ತದೆ. ಹಗ್ಗ ಆಗುವುದೇ ಇಲ್ಲ. ಕರುಳಿನ ಒಳಪದರ, ಕೂದಲಿನ ಬುಡ ಹೀಗೆ ದಿನವೂ ಕೋಶ ಹುಟ್ಟಬೇಕಾದ ಕಡೆ ಮೊದಲ ಪೆಟ್ಟು.

ಇದೇ ಕಾಲ್ಚಿಸಿನ್ನನ್ನು ಡಾಕ್ಟರು ಗೌಟ್‌ಗೆ ಕೊಡುತ್ತಾರೆ. ಯೂರಿಕ್ ಆಸಿಡ್ಡಿನ ಹರಳು ಕೀಲಿನಲ್ಲಿ ಕೂತು ಹೆಬ್ಬೆರಳು ಊದಿಕೊಳ್ಳುತ್ತದಲ್ಲ, ಆ ಕಾಯಿಲೆ. ಬಿಳಿ ರಕ್ತಕಣಗಳು ಅಲ್ಲಿಗೆ ದಂಡು ಕಟ್ಟಿಕೊಂಡು ಬರುವುದರಿಂದಲೇ ಅಷ್ಟು ಉರಿ. ಓಡಾಡಲು ಅವಕ್ಕೂ ಆ ಎಳೆಗಳೇ ಬೇಕು. ಎಳೆ ಇಲ್ಲ, ದಂಡು ಇಲ್ಲ. ಮಾತ್ರೆ ಬರೀ ಅರ್ಧ ಮಿಲಿಗ್ರಾಂ. 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇಷ್ಟೇ ಪ್ರಮಾಣವನ್ನು ಹೃದಯಾಘಾತದ ಅಪಾಯ ತಗ್ಗಿಸಲೂ ಒಪ್ಪಿತು. ಮದ್ದಿಗೂ ವಿಷಕ್ಕೂ ನಡುವಿನ ಅಂತರ ಇಲ್ಲಿ ತೀರಾ ಸಣ್ಣದು. ಗಡ್ಡೆ ತೇದು ಕುಡಿಯುವವರಿಗೆ ಮಿಲಿಗ್ರಾಂ ಅಳೆದು ಕೊಡುವವರು ಯಾರು?

ಇನ್ನೊಂದು ಕಾಕತಾಳೀಯ ಹೇಳಲೇಬೇಕು. ಪೆಲೆಟಿಯೇ ಮತ್ತು ಕಾವಾಂಟು ಅಂತ ಇಬ್ಬರು ಫ್ರೆಂಚ್ ರಸಾಯನತಜ್ಞರಿದ್ದರು. 1818ರಲ್ಲಿ ಕಾಸರಕದ ದಾಯಾದಿ ಗಿಡವೊಂದರಿಂದ ಸ್ಟ್ರಿಕ್ನಿನ್ ಬೇರ್ಪಡಿಸಿದವರು ಅವರೇ. 1820ರಲ್ಲಿ ಗೌರಿಹೂವಿನ ಯುರೋಪಿನ ನೆಂಟ ಗಿಡವೊಂದರಿಂದ ಕಾಲ್ಚಿಸಿನ್ ತೆಗೆದವರೂ ಅವರೇ. ಮಲೇರಿಯಾದ ಕ್ವಿನೈನ್ ಕೂಡ ಅದೇ ವರ್ಷ, ಅದೇ ಜೋಡಿ. ಅವರ ಎರಡು ವರ್ಷದ ಕೆಲಸದ ಮುಕ್ಕಾಲು ಪಾಲು ನಮ್ಮ ಫಲಾವಳಿಯಲ್ಲಿ ನೇತಾಡುತ್ತಿದೆ ಅನ್ನಿಸಿತು.

ದೇವಿಮನೆಯಲ್ಲಿ ದೇವಸ್ಥಾನದ ಎದುರು ಗಾಡಿ ನಿಲ್ಲಿಸಿ ಕೈ ಮುಗಿದೆವು. ಇಲ್ಲಿ ಕಾಡಿನ ಒಂದು ಭಾಗವನ್ನು ಔಷಧ ಸಸ್ಯಗಳಿಗೆಂದೇ ಕಾದಿರಿಸಿದ್ದಾರೆ. ಒಂದು ಎಲೆಯನ್ನೂ ಕೀಳಬಾರದು, ಕಿತ್ತರೆ ಅಪರಾಧ. ಬುಟ್ಟಿ ಕಾರಿನಲ್ಲೇ ಉಳಿಯಿತು. ಮಳೆ ಹನಿಯುತ್ತಿತ್ತು. ಅತ್ತೆ ಮೂಗು ಮುಚ್ಚಿಕೊಂಡು, "ಇಲ್ಲೇ ಎಲ್ಲೋ ಇದ್ದು" ಅಂದಳು.

ಅವಳು ಹೇಳಿದ್ದು ದುರ್ವಾಸನೆ ಮರ. ಹೂವಿಗೆ ಕೊಳೆತ ವಾಸನೆ. ಹೆಸರಿಡುವಾಗ ನಮ್ಮವರು ಮುಲಾಜು ನೋಡಿಲ್ಲ. ದೊಡ್ಡ ಮರಗಳ ನೆರಳಲ್ಲಿ ಬೆಳೆಯುವ ಸಾಧಾರಣ ಗಿಡ್ಡ ಮರ, ನೋಡಿದರೆ ಏನೂ ವಿಶೇಷ ಇಲ್ಲ. 1966ರಲ್ಲಿ ಅಮೆರಿಕದಲ್ಲಿ ಮನ್ರೋ ವಾಲ್ ಮತ್ತು ಮನ್ಸುಖ್ ವಾಣಿ ಚೀನಾದ ಒಂದು ಮರದಿಂದ ಕ್ಯಾಂಪ್ಟೋಥೆಸಿನ್ ಅನ್ನುವ ವಸ್ತುವನ್ನು ತೆಗೆದರು. ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ವಸ್ತು. 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅದೇ ವಸ್ತು ನಮ್ಮ ಈ ನಾರುವ ಮರದಲ್ಲೂ ಇದೆ ಅಂತ ತೋರಿಸಿದರು. ಅದೂ ಚೀನಾದ ಮರಕ್ಕಿಂತ ಜಾಸ್ತಿ ಪ್ರಮಾಣದಲ್ಲಿ.

ಅದು ಕೆಲಸ ಮಾಡುವ ಬಗೆ ನನಗೆ ಸರಿಯಾಗಿ ಅರ್ಥವಾದದ್ದು ಅತ್ತೆಯ ಜಗಲಿಯಲ್ಲಿ, ಮಾರನೇ ದಿನ. ಅವಳು ಕಾಲು ಚಾಚಿಕೊಂಡು ತೊಡೆಯ ಮೇಲೆ ತೆಂಗಿನ ನಾರಿನ ಹುರಿ ಹೊಸೆಯುತ್ತಿದ್ದಳು. ಮಗಳು ಹೊಸೆದ ಹುರಿಯ ಎರಡು ಎಳೆಗಳನ್ನು ನಡುವೆ ಬಿಡಿಸಲು ಹೊರಟಳು. ಬಿಡಿಸಿದಷ್ಟೂ ಮುಂದಿನ ಭಾಗ ಬಿಗಿದುಕೊಂಡು ಗಂಟಾಯಿತು. ನಮ್ಮ ಡಿಎನ್‌ಎ ಕೂಡ ಹೊಸೆದ ಎರಡೆಳೆಯ ಹುರಿ. ಕೋಶ ಅದನ್ನು ನಕಲು ಮಾಡಲು ಬಿಡಿಸುವಾಗ ಮುಂದೆ ಇಂಥದ್ದೇ ಬಿಗಿತ. ಅದಕ್ಕೆ ಒಂದು ಕಿಣ್ವ ಇದೆ. ಅದು ಒಂದು ಎಳೆಯನ್ನು ಕತ್ತರಿಸಿ, ಹುರಿ ಸಡಿಲವಾಗಲು ಬಿಟ್ಟು, ಮತ್ತೆ ಬೆಸೆಯುತ್ತದೆ. ಕ್ಯಾಂಪ್ಟೋಥೆಸಿನ್ ಸರಿಯಾಗಿ ಕತ್ತರಿಸಿದ ಹೊತ್ತಿಗೆ ಬಂದು ಸಿಕ್ಕಿಕೊಳ್ಳುತ್ತದೆ. ಬೆಸೆಯಲು ಬಿಡುವುದಿಲ್ಲ. ಸದಾ ನಕಲು ಮಾಡುತ್ತಲೇ ಇರುವ ಕ್ಯಾನ್ಸರ್ ಕೋಶಕ್ಕೆ ಆ ತುಂಡಾದ ಎಳೆಯೇ ಮುಳುವು. ಮೂಲ ವಸ್ತುವನ್ನು ಹಾಗೇ ಕೊಟ್ಟಾಗ ರೋಗಿಗಳಿಗೆ ತಡೆಯಲು ಆಗಲಿಲ್ಲ. ಅದನ್ನೇ ತಿದ್ದಿ ಮಾಡಿದ ಟೋಪೋಟೆಕಾನ್, ಇರಿನೋಟೆಕಾನ್ ಎರಡಕ್ಕೂ 1996ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮೂವತ್ತು ವರ್ಷದ ದಾರಿ. ಆ ಹೊತ್ತಿಗೆ ಪಶ್ಚಿಮ ಘಟ್ಟದಲ್ಲಿ ಎಷ್ಟೋ ದುರ್ವಾಸನೆ ಮರಗಳು ಚಕ್ಕೆಯಾಗಿ ಮೂಟೆ ಸೇರಿದ್ದವು.

ಆವತ್ತು ಊಟಕ್ಕೆ ಒಂದೆಲಗದ ತಂಬುಳಿ. ತೋಟದ ಕಾಲುವೆ ಬದಿಯಲ್ಲಿ ಕಿತ್ತದ್ದು. ನಮ್ಮ ಕಡೆ ಇದೇ ಬ್ರಾಹ್ಮಿ. ಕೇರಳದವರನ್ನು ಕೇಳಿ, ಬ್ರಾಹ್ಮಿ ಅಂದರೆ ಬೇರೆಯೇ ಗಿಡ ತೋರಿಸುತ್ತಾರೆ. ನಾವು ಅದಕ್ಕೆ ನೀರುಬ್ರಾಹ್ಮಿ ಅನ್ನುತ್ತೇವೆ. ಒಂದೆಲಗ ಕೊತ್ತಂಬರಿಯ ವಂಶದ್ದು, ಅದಕ್ಕೂ ನೀರುಬ್ರಾಹ್ಮಿಗೂ ನೆಂಟಸ್ತಿಕೆಯೇ ಇಲ್ಲ. ಒಳಗಿನ ರಾಸಾಯನಿಕವೂ ಬೇರೆ. ತಂಬುಳಿಗೆ ಇದರಿಂದ ಏನೂ ಆಗುವುದಿಲ್ಲ. ಆದರೆ ಪೇಟೆಯಲ್ಲಿ ಬ್ರಾಹ್ಮಿ ಅಂತ ಬರೆದ ಡಬ್ಬಿ ಕೊಳ್ಳುವಾಗ ಒಳಗಿನದು ಯಾವುದು? ಅಮೃತಬಳ್ಳಿಯ ಗಲಾಟೆ ನೆನಪಿದೆಯಾ? ಕೊರೊನಾ ಕಾಲದಲ್ಲಿ ಎಲ್ಲರೂ ಕಷಾಯ ಕುಡಿದರು. 2021ರಲ್ಲಿ ಮುಂಬೈಯ ವೈದ್ಯರು, ಅದನ್ನು ಸೇವಿಸಿದ 6 ಮಂದಿಯ ಲಿವರ್ ಕೆಟ್ಟದ್ದನ್ನು ವರದಿ ಮಾಡಿದರು. ಅದು ಅಸಲಿ ಅಮೃತಬಳ್ಳಿಯೇ, ಅಥವಾ ಮೈತುಂಬ ಗಂಟುಗಂಟಾಗಿರುವ ಅದರ ದಾಯಾದಿ ಬಳ್ಳಿಯೇ ಅಂತ ಆಮೇಲೆ ದೊಡ್ಡ ಜಗಳ ನಡೆಯಿತು.

ಅಟ್ಟದಿಂದ ಹುಳಿ ಹುಳಿ ಹೊಗೆ ಇಳಿಯುತ್ತಿತ್ತು. ಉಪ್ಪಾಗೆ ಸಿಪ್ಪೆ ಒಣಗುತ್ತಿದೆ. ಪುಟ್ಟ ಕುಂಬಳದ ಹಾಗೆ ಏಣು ಏಣಾಗಿರುವ ಹಳದಿ ಹಣ್ಣು, ಮಳೆಗಾಲದ ನಡುವೆಯೇ ಹಣ್ಣಾಗುವುದರಿಂದ ಬಿಸಿಲಿಗೆ ಹಾಕುವ ಮಾತಿಲ್ಲ. ಬೆಂಕಿಯೇ ಗತಿ. ಸಿಪ್ಪೆ ಕೇರಳಕ್ಕೆ ಮೀನುಸಾರಿಗೆ ಹೋಗುತ್ತಿತ್ತು, ಬೀಜದಿಂದ ಮನೆಗೆ ತುಪ್ಪ ಬರುತ್ತಿತ್ತು. ಇಷ್ಟೇ ಇತ್ತು ಅದರ ಬಾಳು.

1965ರಲ್ಲಿ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ಲೂಯಿಸ್ ಮತ್ತು ನೀಲಕಂಠನ್ ಉಪ್ಪಾಗೆಯ ಹುಳಿಗೆ ಕಾರಣ ಹೈಡ್ರಾಕ್ಸಿಸಿಟ್ರಿಕ್ ಆಸಿಡ್ ಅಂತ ತೋರಿಸಿದರು. ಸಕ್ಕರೆ ಕೊಬ್ಬಾಗುವ ದಾರಿಯಲ್ಲಿನ ಒಂದು ಕಿಣ್ವವನ್ನು ಅದು ತಡೆಯುತ್ತದೆ ಅಂತ ಕೆಲವೇ ವರ್ಷದಲ್ಲಿ ಅಮೆರಿಕದವರು ಕಂಡುಕೊಂಡರು. ಸಾಕಲ್ಲ! 90ರ ದಶಕದಲ್ಲಿ ಉಪ್ಪಾಗೆ ತೂಕ ಇಳಿಸುವ ಮಾತ್ರೆಯಾಯಿತು. ಸಿಪ್ಪೆಯ ದರ ಏರಿತು. "ಹಣ್ಣಾಗೂ ತನಕ ಯಾರೂ ಕಾಯ್ತಿದ್ವಿಲ್ಲೆ" ಅಂತಾಳೆ ಅತ್ತೆ. ನಾನು ಮೊದಲು ಕೊಯ್ಯಬೇಕು ಅಂತ ಎಳೆಕಾಯಿಯನ್ನೇ ಬಡಿದರು, ಕೊಂಬೆಯನ್ನೇ ಕಡಿದರು. ಒಣಗಿಸಲು ಇನ್ನಷ್ಟು ಮರ ಕಡಿದು ಸೌದೆ ಮಾಡಿದರು.

1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಪರೀಕ್ಷೆ ಮಾಡಿದರು. ಅರ್ಧ ಜನಕ್ಕೆ ಉಪ್ಪಾಗೆಯ ಆಸಿಡ್, ಅರ್ಧ ಜನಕ್ಕೆ ಸುಮ್ನೆ ಹೆಸರಿಗೊಂದು ಮಾತ್ರೆ. ಉಪ್ಪಾಗೆ ತಿಂದವರು ಸರಾಸರಿ 3.2 ಕೆಜಿ ಇಳಿದರು. ಸುಮ್ನೆ ಮಾತ್ರೆ ತಿಂದವರು 4.1 ಕೆಜಿ. ಲೆಕ್ಕದಲ್ಲಿ ಆ ವ್ಯತ್ಯಾಸಕ್ಕೆ ಅರ್ಥ ಇಲ್ಲ, ಅಂದರೆ ಉಪ್ಪಾಗೆಯಿಂದ ಲಾಭ ಆಗಲಿಲ್ಲ ಅಷ್ಟೇ. ಇಬ್ಬರೂ ಇಳಿದದ್ದು ಪಥ್ಯದ ಊಟದಿಂದ. ಇದನ್ನು ಅತ್ತೆಗೆ ಹೇಳಿದೆ. ಅವಳು ಬಿದ್ದು ಬಿದ್ದು ನಕ್ಕಳು. ಆಮೇಲೆ ಸುಮ್ಮನಾಗಿ, ಬೆಟ್ಟದಲ್ಲಿ ಯಾವ ಯಾವ ಉಪ್ಪಾಗೆ ಮರ ಆಗ ಹೋಯಿತು ಅಂತ ಬೆರಳು ಮಡಚಿ ಎಣಿಸಿದಳು.

ಹಬ್ಬ ಮುಗಿಯಿತು. ಗಣಪತಿಯನ್ನು ಬಿಟ್ಟು ಬಂದ ಮೇಲೆ ಫಲಾವಳಿ ಬಿಚ್ಚಿದೆವು. ತಿನ್ನುವ ಹಣ್ಣಿಗೆ ಮಕ್ಕಳು ಮುಗಿಬೀಳುವ ಮೊದಲೇ ಅತ್ತೆ ಏಣಿ ಹಾಕಿಸಿ ಗೌರಿಹೂವಿನ ಬಳ್ಳಿ, ಕಾಸರಕ ಎರಡನ್ನೂ ಇಳಿಸಿಕೊಂಡಳು. ಎಣಿಸಿದಳು. ಮತ್ತೆ ಎಣಿಸಿದಳು.

"ಐದಿತ್ತು. ನಾಲ್ಕೇ ಇದ್ದು."

ಮನೆಯಲ್ಲಿ ಒಂದು ಗಳಿಗೆ ಯಾರಿಗೂ ಉಸಿರು ಆಡಲಿಲ್ಲ. ಜಗಲಿ, ಅಂಗಳ, ಹಿತ್ತಿಲು ಹುಡುಕಿದೆವು. ಕೊನೆಗೆ ಸಿಕ್ಕಿದ್ದು ಮಗಳ ಬ್ಯಾಗಿನಲ್ಲಿ. ಟೀಚರಿಗೆ ತೋರಿಸಬೇಕು ಅಂತ ಪಟ್ಟಿಯ ಹಾಳೆಯಲ್ಲಿ ಸುತ್ತಿ, ಪಕ್ಕದಲ್ಲಿ ಮೂರು ನರದ ಎಲೆಯೊಂದನ್ನೂ ಇಟ್ಟಿದ್ದಳು. ಹಾಳೆಯ ಮೇಲೆ ಕೆಂಪು ಪೆನ್ನಿನಲ್ಲಿ ಬರೆದಿತ್ತು: "ಕಾಸರಕ. ಕಿತ್ತಳೆ ಅಲ್ಲ. ಎಲೆ ನೋಡಿ."