ಮೂರು ವರ್ಷ ದೂರ, ಹತ್ತು ದಿನ ರಜೆ: ‘ಪರ್ಫೆಕ್ಟ್ ಸ್ಟ್ರೇಂಜರ್ಸ್’ ಟಿಪ್ಪಣಿ

ಮೊದಲು ಹೆಸರಿನ ಗೊಂದಲ ಮುಗಿಸಿಬಿಡೋಣ. 1945ರ ಈ ಬ್ರಿಟಿಷ್ ಸಿನಿಮಾ ಅಮೆರಿಕದಲ್ಲಿ ‘ವೆಕೇಶನ್ ಫ್ರಮ್ ಮ್ಯಾರೇಜ್’ ಅನ್ನೋ ಹೆಸರಿನಲ್ಲಿ ತೆರೆ ಕಂಡಿತು. ಎರಡು ಬೇರೆ ಸಿನಿಮಾ ಅಂದುಕೊಂಡು ನಾನು ಎರಡು ಕಡೆ ಟಿಪ್ಪಣಿ ಮಾಡಿಟ್ಟಿದ್ದೆ, ನೀವು ಹಾಗೆ ಮಾಡಬೇಡಿ. ಇನ್ನೊಂದು, ಇಲ್ಲಿ ‘ಪರ್ಫೆಕ್ಟ್’ ಅಂದರೆ ಪರಿಪೂರ್ಣ ಅಲ್ಲ. ಒಂಚೂರೂ ಗುರುತಿಲ್ಲದವರು ಅಂತ ಅರ್ಥ. ‘ಮದುವೆಗೆ ರಜೆ’ ಅನ್ನುವ ಅಮೆರಿಕದ ಹೆಸರು ನಗು ತರಿಸುತ್ತದೆ ನಿಜ, ಆದರೆ ಕಥೆಯ ಮರ್ಮ ಇರುವುದು ಬ್ರಿಟನ್ನಿನ ಹೆಸರಿನಲ್ಲೇ.

ನಿರ್ದೇಶಕ ಅಲೆಕ್ಸಾಂಡರ್ ಕೊರ್ಡಾ. ಮೂಲ ಕಥೆ ಕ್ಲೆಮೆನ್ಸ್ ಡೇನ್ ಅವರದು, ಅದಕ್ಕೆ ಆಸ್ಕರ್ ಬಂತು. ಗಂಡ ರಾಬರ್ಟ್ ಆಗಿ ರಾಬರ್ಟ್ ಡೊನಾಟ್, ಹೆಂಡತಿ ಕ್ಯಾಥಿ ಆಗಿ ಡೆಬೊರಾ ಕೆರ್.

ಕಥೆ ಶುರುವಾಗುವುದು 1940ರ ಲಂಡನ್ನಿನಲ್ಲಿ, ಎರಡನೇ ಮಹಾಯುದ್ಧದ ಹೊತ್ತಿನಲ್ಲಿ. ರಾಬರ್ಟ್ ಆಫೀಸಿನಲ್ಲಿ ಲೆಕ್ಕ ಬರೆಯುವ ಗುಮಾಸ್ತ. ಕ್ಯಾಥಿಗೆ ಯಾವಾಗ ನೋಡಿದರೂ ನೆಗಡಿ. ಜಗಳ ಇಲ್ಲ, ಪ್ರೀತಿಯೂ ಕಾಣುವುದಿಲ್ಲ. ಸುಮ್ನೆ ದಿನ ತಳ್ಳುತ್ತಿರುತ್ತಾರೆ. ಆಮೇಲೆ ಅವನು ನೌಕಾಪಡೆ ಸೇರುತ್ತಾನೆ. ಅವಳು ನೌಕಾಪಡೆಯ ಮಹಿಳಾ ದಳ ಸೇರುತ್ತಾಳೆ, ಈ ದಳದವರನ್ನು ‘ರೆನ್ಸ್’ ಅನ್ನುತ್ತಿದ್ದರು. ಅಲ್ಲಿ ಡಿಜ್ಜಿ ಅನ್ನೋ ಗೆಳತಿ ಸಿಕ್ಕಿ ಅವಳಿಗೆ ಲಿಪ್‌ಸ್ಟಿಕ್ ಹಚ್ಚಿಸುತ್ತಾಳೆ. ಅತ್ತ ಗಾಯಗೊಂಡು ಆಸ್ಪತ್ರೆ ಸೇರಿದ ರಾಬರ್ಟ್ ಮನಸ್ಸು ನರ್ಸ್ ಎಲೆನಾ ಕಡೆ ವಾಲುತ್ತದೆ. ಇತ್ತ ಕ್ಯಾಥಿಗೂ ರಿಚರ್ಡ್ ಅನ್ನುವವನ ಸ್ನೇಹ ಬೆಳೆಯುತ್ತದೆ. ಮೂರು ವರ್ಷದ ಮೇಲೆ ಇಬ್ಬರಿಗೂ ಹತ್ತು ದಿನದ ರಜೆ ಸಿಗುತ್ತದೆ. ಮನೆಗೆ ಹೋಗಬೇಕಲ್ಲಪ್ಪ ಅಂತ ಇಬ್ಬರಿಗೂ ಸಂಕಟ!

ಈಗ ಮುಖ್ಯ ವಿಷಯ. ಸಿನಿಮಾದ ಮಧ್ಯಭಾಗ ಒಮ್ಮೆ ಅವನ ಕಡೆ, ಒಮ್ಮೆ ಅವಳ ಕಡೆ ಹೋಗಿಬರುತ್ತದೆ. ಹಾಗಾಗಿ ಇಬ್ಬರೂ ಬದಲಾದದ್ದು ನಮಗೆ ಗೊತ್ತು. ಅವರಿಗೆ ಗೊತ್ತಿಲ್ಲ. ಕ್ಯಾಥಿ ತನ್ನ ಹೊಸ ಗೆಳೆಯರಿಗೆ ವರ್ಣಿಸುವ ಗಂಡ ಮೂರು ವರ್ಷ ಹಳಬ. ಅವನ ತಲೆಯಲ್ಲಿರುವ ಹೆಂಡತಿ ಇನ್ನೂ ಮೂಗು ಒರೆಸಿಕೊಳ್ಳುತ್ತಲೇ ಇದ್ದಾಳೆ. ‘ನಾನು ಬೆಳೆದೆ, ಅವರು ಅಲ್ಲೇ ನಿಂತಿದ್ದಾರೆ’ ಅನ್ನುವ ಭ್ರಮೆ ಇಬ್ಬರದೂ. ಪಾತ್ರಕ್ಕೆ ಗೊತ್ತಿಲ್ಲದ್ದು ನೋಡುಗನಿಗೆ ಗೊತ್ತಿದ್ದರೆ ಅದನ್ನು ನಾಟಕೀಯ ವ್ಯಂಗ್ಯ ಅನ್ನುತ್ತೇವೆ ಅಲ್ವಾ? ಇಲ್ಲಿ ನಗು ಹುಟ್ಟುವುದು ಬಹುತೇಕ ಅದರಿಂದಲೇ.

ಇದು ಚೆನ್ನಾಗಿ ಕಾಣುವುದು ಅವರು ಮತ್ತೆ ಭೇಟಿಯಾಗುವ ದೃಶ್ಯದಲ್ಲಿ. ಕ್ಯಾಥಿ ಮನೆಗೆ ಬರಲು ಒಪ್ಪುವುದಿಲ್ಲ, ಹೊರಗೆ ಸಿಗೋಣ ಅನ್ನುತ್ತಾಳೆ. ವಿಮಾನ ದಾಳಿಯ ಭಯಕ್ಕೆ 1939ರ ಸೆಪ್ಟೆಂಬರ್ 1ರಿಂದಲೇ ಬ್ರಿಟನ್ನಿನ ಬೀದಿದೀಪ ಆರಿಸಿದ್ದರು, ಕಿಟಕಿಗೆ ಕಪ್ಪು ಪರದೆ. ಆ ಕತ್ತಲಲ್ಲಿ ಇಬ್ಬರಿಗೂ ಕೇಳುವುದು ದನಿ ಮಾತ್ರ. ಮುಖ ಕಾಣದಿದ್ದಾಗ ಇಬ್ಬರೂ ಮಾತಾಡುವುದು ನೆನಪಿನಲ್ಲಿರುವ ಹಳೇ ಮುಖದ ಜೊತೆ. ಬೇರೆಯಾಗೋಣ ಅನ್ನುವ ಮಾತೂ ಅಲ್ಲೇ ಬರುತ್ತದೆ. ಪಬ್ ಒಳಗಿನ ಬೆಳಕಿನಲ್ಲಿ ಒಬ್ಬರನ್ನೊಬ್ಬರು ನೋಡಿ ಬೆಚ್ಚುತ್ತಾರೆ. ಯುದ್ಧದ ಒಂದು ಸರ್ಕಾರಿ ನಿಯಮವನ್ನೇ ಕಾಮಿಡಿಯ ಪರದೆ ಮಾಡಿಕೊಂಡ ಜಾಣತನ ಇದು. ಪರೀಕ್ಷೆಗೆ ಒಂದೇ ದೃಶ್ಯ ಓದಿಕೊಂಡು ಹೋಗುವುದಾದರೆ ಇದನ್ನೇ ಓದಿ.

ಕಣ್ಣಾರೆ ನೋಡಿದ ತಕ್ಷಣ ಎಲ್ಲ ಸರಿಹೋಗುವುದಿಲ್ಲ, ಅದು ನನಗೆ ಇಷ್ಟವಾಯಿತು. ಜಗಳ ಆಗ ಜೋರಾಗುತ್ತದೆ. ‘ಇಷ್ಟು ಚೆನ್ನಾಗಿರೋಕೆ ಆಗುತ್ತಿದ್ದರೆ ನನ್ನ ಜೊತೆ ಯಾಕೆ ಹಾಗಿರಲಿಲ್ಲ?’ ಅನ್ನುವ ಹೊಟ್ಟೆಯುರಿ ಅದು.

ಸ್ಟ್ಯಾನ್ಲಿ ಕ್ಯಾವೆಲ್ ಅನ್ನೋ ಚಿಂತಕ ಕೆಲವು ಹಾಲಿವುಡ್ ಸಿನಿಮಾಗಳನ್ನು ‘ಮರುಮದುವೆಯ ಕಾಮಿಡಿ’ ಎಂದು ಕರೆದರು. ಅಲ್ಲಿ ಪ್ರಶ್ನೆ ಮದುವೆ ಆಗುತ್ತಾರಾ ಅನ್ನೋದಲ್ಲ, ಮತ್ತೆ ಕೂಡುತ್ತಾರಾ ಅನ್ನೋದು. ಅವರ ಪಟ್ಟಿಯಲ್ಲಿ ಈ ಸಿನಿಮಾ ಇಲ್ಲ, ಆದರೂ ಅಳತೆ ಸರಿಯಾಗಿ ಕೂರುತ್ತದೆ.

ಕೊರತೆಯೂ ಇದೆ. ಎಲೆನಾ, ರಿಚರ್ಡ್ ಇಬ್ಬರೂ ಕೆಲಸ ಮುಗಿದ ಕೂಡಲೇ ಮರೆಯಾಗುತ್ತಾರೆ. ನಿಜವಾದ ಲೋಕ ಇಷ್ಟು ಸಲೀಸಾಗಿರಲಿಲ್ಲ. 1947ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 60 ಸಾವಿರ ವಿಚ್ಛೇದನ ಆದವು. ಯುದ್ಧಕ್ಕೆ ಮುಂಚೆ ವರ್ಷಕ್ಕೆ ಹತ್ತು ಸಾವಿರವೂ ಇರಲಿಲ್ಲ.

ಕೊನೆಯ ದೃಶ್ಯ ಅದೇ ಹಳೇ ಮನೆಯಲ್ಲಿ. ಹೊರಗೆ ಬಾಂಬ್ ಬಿದ್ದು ಹಾಳಾದ ಲಂಡನ್. ಮತ್ತೆ ಕಟ್ಟಬೇಕು ಅನ್ನುವ ಮಾತು ಊರಿನ ಬಗ್ಗೆ ಬರುತ್ತದೆ. ಇಬ್ಬರೂ ಪಕ್ಕಪಕ್ಕ ನಿಂತು ಹೊರಗೇ ನೋಡುತ್ತಿರುತ್ತಾರೆ.